ಎಣ್ಣೆ ಹಚ್ಚಿದರೂ ಮೈ ಒಡೆಯುವುದೇಕೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದೀಪಾವಳಿ ದಾಟಿ ಮೂಡಣ ಗಾಳಿ ಬೀಸತೊಡಗಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ತುಟಿ ಒಡೆದಿದೆ, ಮೊಣಕಾಲ ಕೆಳಗೆ ಬೂದಿ ಬಳಿದಂತಾಗಿದೆ, ಹಿಮ್ಮಡಿ ಸೀಳಿದೆ. ಈ ಸಲ ಕೆಲಸದ ಜಾಗದ ಬಿಸಿಗೆ ಸಂಬಂಧಿಸಿದ ಪತ್ರಗಳನ್ನಷ್ಟೇ ಆಯ್ದುಕೊಂಡಿದ್ದೇವೆ. ಚರ್ಮದ ವಿಷಯ ಬಲ್ಲವರೂ ಕಾರ್ಖಾನೆಯ ಗಾಳಿ-ಬಿಸಿಯ ಲೆಕ್ಕ ಬಲ್ಲವರೂ ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ರಾತ್ರಿ ಪಾಳಿಯವರು. ಹತ್ತು ಬೈ ಹನ್ನೆರಡರ ಕೋಣಿ. ಚಳಿ ಅಂತ ಬ್ಲೋವರ್ ಹೀಟರ್ ಹಚ್ಚಿ ಕೂಡ್ತೀವ್ರಿ. ಬೆಳಗಾಗೂದ್ರಾಗ ತುಟಿ, ಮೂಗಿನ ಒಳಗ ಎಲ್ಲಾ ಒಣಗಿ, ಗಲ್ಲ ಬಿಗದಂಗ ಆಗತೈತಿ. ಮೂಲ್ಯಾಗ ಒಂದು ಬೋಗಣಿ ನೀರು ಇಡ್ರಿ ಅಂದ್ರು, ಇಟ್ಟೇವಿ. ಏನೂ ಫರಕ್ ಆಗಿಲ್ಲ. ಯಾಕ?
— ಗೋದಾಮು ಕಚೇರಿ ನೌಕರ, ಬೆಳಗಾವಿ

ಉತ್ತರ: ನೀರು ಇಡಬೇಕೆಂಬುದು ಸರಿಯೇ, ಬೋಗಣಿ ಸಾಲದು. ಹೇಗೆಂದು ನೋಡಿ.

ಹೊರಗೆ 15 ಡಿಗ್ರಿ ಚಳಿ, ಗಾಳಿಯ ತೇವಾಂಶ ಶೇ 60 ಎಂದುಕೊಳ್ಳಿ. ಅದೇ ಗಾಳಿ ನಿಮ್ಮ ಕೋಣೆಯೊಳಗೆ ಬಂದು ಹೀಟರಿಗೆ ಸಿಕ್ಕಿ 27 ಡಿಗ್ರಿಗೆ ಏರಿತು. ಅದರಲ್ಲಿರುವ ನೀರು ಅಷ್ಟೇ ಇದೆ, ಆದರೆ ಬಿಸಿ ಗಾಳಿಗೆ ನೀರು ಹಿಡಿಯುವ ಹಸಿವು ಹೆಚ್ಚು. ಹಾಗಾಗಿ ತೇವಾಂಶ ಶೇ 60 ಇದ್ದದ್ದು ಶೇ 29ಕ್ಕೆ ಇಳಿಯುತ್ತದೆ. ಹಸಿದ ಆ ಗಾಳಿ ತನ್ನ ಪಾಲಿನ ನೀರನ್ನು ನಿಮ್ಮ ತುಟಿ, ಮೂಗು, ಗಲ್ಲದಿಂದ ಎಳೆದುಕೊಳ್ಳುತ್ತದೆ.

ನಿಮ್ಮ ಕೋಣೆ ಹತ್ತು ಅಡಿ ಎತ್ತರವಿದ್ದರೆ ಅದರಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು ಶೇ 29ರಿಂದ 45ಕ್ಕೆ ಏರಿಸಲು ಸುಮಾರು 140 ಗ್ರಾಂ ನೀರು ಆವಿಯಾಗಬೇಕು. ಬಾಗಿಲು-ಕಿಟಕಿಯ ಸಂದಿಯಿಂದ ಗಂಟೆಗೊಮ್ಮೆ ಗಾಳಿ ಬದಲಾಗುತ್ತದೆಂದರೆ, ಗಂಟೆಗೊಮ್ಮೆ ಮತ್ತೆ 140 ಗ್ರಾಂ. ಒಂದು ಗೇಣು ಅಗಲದ ಬೋಗಣಿಯಿಂದ ನಿಂತ ಗಾಳಿಯಲ್ಲಿ ಆವಿಯಾಗುವುದು ಗಂಟೆಗೆ ಐದಾರು ಗ್ರಾಂ. ಹಸಿದ ಎತ್ತಿಗೆ ಒಂದು ಹಿಡಿ ಹೊಟ್ಟು ಹಾಕಿದಂತಾಯಿತು.

ಎರಡು ಉಪಾಯಗಳಿವೆ. ಮೊದಲನೆಯದಕ್ಕೆ ದುಡ್ಡೇ ಬೇಡ: ಹೀಟರನ್ನು 27ರ ಬದಲು 22 ಡಿಗ್ರಿಗೆ ನಿಲ್ಲಿಸಿ, ಮೇಲೊಂದು ಸ್ವೆಟರ್ ಹಾಕಿಕೊಳ್ಳಿ. ಹನಿ ನೀರು ಸೇರಿಸದೆಯೇ ತೇವಾಂಶ ಶೇ 29ರಿಂದ 39ಕ್ಕೆ ಬರುತ್ತದೆ. ಇದನ್ನು ಮಾಡದೆ ಉಳಿದದ್ದೆಲ್ಲ ಮಾಡುವವರೇ ಹೆಚ್ಚು. ಎರಡನೆಯದು ಒದ್ದೆ ಟಾವೆಲ್. ಸ್ನಾನದ ದಪ್ಪ ಟಾವೆಲನ್ನು ತೊಯ್ಸಿ, ನೀರು ತೊಟ್ಟಿಕ್ಕದಂತೆ ಹಿಂಡಿದರೆ ಅದರಲ್ಲಿ 400-500 ಗ್ರಾಂ ನೀರು ಉಳಿದಿರುತ್ತದೆ. ಅದನ್ನು ಹಗ್ಗದ ಮೇಲೆ ಬಿಡಿಸಿ ಹಾಕಿ, ಸಣ್ಣ ಫ್ಯಾನಿನ ಗಾಳಿ ತಾಗುವಂತೆ ಮಾಡಿದರೆ ಮೂರ್ನಾಲ್ಕು ತಾಸಿನಲ್ಲಿ ಒಣಗುತ್ತದೆ. ಅಂದರೆ ತಾಸಿಗೆ ನೂರು ಗ್ರಾಮಿನ ಮೇಲೆ ನೀರು ಗಾಳಿಗೆ ಸೇರಿತು. ಪಾಳಿಗೆ ಎರಡು-ಮೂರು ಸಲ ತೊಯ್ಸಿ. ಹೀಟರಿನ ಮೇಲೆ ಮಾತ್ರ ಹಾಕಬೇಡಿ, ಬಟ್ಟೆ ಹೊತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಹೊಗೆಯಂತೆ ಮಂಜು ಉಗುಳುವ ಯಂತ್ರಕ್ಕೆ ನಮ್ಮ ಬೋರ್‌ವೆಲ್ಲಿನ ಗಡುಸು ನೀರು ಹಾಕಿದರೆ ಮೇಜು, ಕಂಪ್ಯೂಟರ್ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ. ಟಾವೆಲಿನಲ್ಲಿ ಆ ಸುಣ್ಣದಂಶ ಬಟ್ಟೆಯಲ್ಲೇ ಉಳಿಯುತ್ತದೆ, ಒಗೆದರೆ ಹೋಯಿತು.

ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮಾಪಕ ಇಟ್ಟುಕೊಂಡರೆ ಅಂದಾಜಿನ ಕೆಲಸ ತಪ್ಪುತ್ತದೆ. ಅಗ್ಗದವು ಸುಳ್ಳು ಹೇಳುವುದುಂಟು, ಪರೀಕ್ಷಿಸಿ ನೋಡಿ: ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕರಗಿ ನೀರಾಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ಹನಿ ನೀರು ಬಿಡಿ. ಮಾಪಕದ ಜೊತೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಅದು 75 ತೋರಿಸಬೇಕು. 68 ತೋರಿಸಿದರೆ ಏಳು ಕೂಡಿಸಿಕೊಂಡು ಓದಿ. ಕೋಣೆಯಲ್ಲಿ 40ರಿಂದ 60ರೊಳಗೆ ಇದ್ದರೆ ಸಾಕು. 60 ದಾಟಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಬ್ಲೋವರನ್ನು ಮುಖಕ್ಕೆ ತಿರುಗಿಸಬೇಡಿ, ಗೋಡೆಗೆ ತಿರುಗಿಸಿ. ಮೂಗಿನೊಳಗೆ ಒಣಗಿದರೆ ಮೆಡಿಕಲ್ಲಿನಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿ ಸಾಕು. ತುಟಿ ನೆಕ್ಕುವುದನ್ನು ಬಿಡಿ. ಎಂಜಲು ಆರುವಾಗ ಇದ್ದ ತೇವವನ್ನೂ ಜೊತೆಗೆ ಒಯ್ಯುತ್ತದೆ. ಇನ್ನು, ಹೀಟರ್ ಇಲ್ಲದ ಕಾವಲುಗಾರರು ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ಬುಟ್ಟಿಯಲ್ಲಿ ಕೆಂಡ ಇಟ್ಟುಕೊಳ್ಳುವುದನ್ನು ಕೇಳಿದ್ದೇವೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಒಯ್ಯುತ್ತದೆ. ಅದು ಬೇಡವೇ ಬೇಡ.

ಪ್ರಶ್ನೆ: ದಿನಾ ಎರಡು ಹೊತ್ತೂ ಕೊಬ್ಬರಿ ಎಣ್ಣಿ ಹಚ್ಚತೀನ್ರಿ. ಆದ್ರೂ ಎಸಿ ಆಫೀಸಿಗೆ ಹೋಗಿ ಎರಡ ತಾಸಿಗೆ ಕೈ ಮತ್ತ ಬೆಳ್ಳಗ. ಎಣ್ಣಿ ಖರೇವಂದಲ್ಲೇನೋ?
— ಬಾಗಲಕೋಟೆ

ಉತ್ತರ: ಎಣ್ಣೆ ಖರೇವಂದೇ ಇರಬಹುದು, ಹಚ್ಚುವ ಹೊತ್ತು ತಪ್ಪಿದೆ. ಈ ಅಂಕಣದ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಒಣಗಿದ ಚರ್ಮಕ್ಕೆ ಮೊದಲು ಕಡಿಮೆಯಾಗಿರುವುದು ನೀರು. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲವನ್ನು ನೋಡಿಲ್ಲವೇ? ಆ ಬಿರುಕಿಗೆ ಕೊಡ ಎಣ್ಣೆ ಸುರಿದರೂ ಮುಚ್ಚದು. ಮಳೆ ಬಿದ್ದರೆ ಮುಚ್ಚುತ್ತದೆ. ಎಣ್ಣೆಗೆ ನೀರು ಕೊಡುವ ಶಕ್ತಿಯಿಲ್ಲ, ಇದ್ದ ನೀರು ಹಾರದಂತೆ ಮೇಲೆ ಮುಚ್ಚಳವಾಗುವುದಷ್ಟೇ ಅದರ ಕೆಲಸ. ಒಣಗಿ ಬೆಳ್ಳಗಾದ ಕೈಗೆ ಎಣ್ಣೆ ಹಚ್ಚುವುದೆಂದರೆ ಖಾಲಿ ಕೊಡಕ್ಕೆ ಮುಚ್ಚಳ ಹಾಕಿದಂತೆ.

ಆದ್ದರಿಂದ ಸ್ನಾನವಾದ ಕೂಡಲೇ, ಅಥವಾ ಕೈ ತೊಳೆದ ಕೂಡಲೇ, ಮೈ ಒರೆಸುವಾಗ ತಿಕ್ಕದೆ ಒತ್ತಿ ಒರೆಸಿ. ಚರ್ಮ ಇನ್ನೂ ತುಸು ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಹಚ್ಚಿ. ಮನೆಯಲ್ಲಿ ಬಟ್ಟೆ ಹಾಕಿಕೊಂಡು, ತಲೆ ಬಾಚಿ, ಚಹಾ ಕುಡಿದು ಆಮೇಲೆ ಹಚ್ಚಿದರೆ ಹೊತ್ತು ಮೀರಿತು.

ಏನು ಹಚ್ಚಬೇಕು? ನೀರನ್ನು ಹಿಡಿದಿಡುವ ಗ್ಲಿಸರಿನ್ ಕೆಳಗೆ, ಮುಚ್ಚಳವಾಗುವ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಮೇಲೆ. ಮುಚ್ಚಳದ ಕೆಲಸಕ್ಕೆ ಜೆಲ್ಲಿಯಷ್ಟು ಬಿಗಿಯಾದದ್ದು ಬೇರೊಂದಿಲ್ಲ, ಬೆಲೆಯೂ ಕಡಿಮೆ. ಜಿಡ್ಡು ಬೇಡ ಎನ್ನುವವರಿಗೆ ಕುಸುಬಿ ಎಣ್ಣೆ ಒಳ್ಳೆಯದು. ಅದರಲ್ಲಿ ಲಿನೋಲೆಯಿಕ್ ಆಮ್ಲ ಹೆಚ್ಚು, ಚರ್ಮ ತನ್ನ ಕೊಬ್ಬಿನ ಪದರ ಕಟ್ಟಿಕೊಳ್ಳಲು ಅದನ್ನೇ ಬಳಸುತ್ತದೆ. ಗಾಣದ ಕುಸುಬಿ ಎಣ್ಣೆ ಮನೆಯಲ್ಲಿಟ್ಟುಕೊಂಡು ದೂರದ ದೇಶದ ಆಲಿವ್ ಎಣ್ಣೆಗೆ ದುಡ್ಡು ಸುರಿಯುವುದು ನಮಗೆ ಅರ್ಥವಾಗದ ಸಂಗತಿ. ಆಲಿವ್ ಎಣ್ಣೆ ಈ ಪದರವನ್ನು ಸಡಿಲ ಮಾಡುತ್ತದೆ.

ಗ್ಲಿಸರಿನ್ನನ್ನು ಬಾಟಲಿಯಿಂದ ಹಾಗೇ ಹಚ್ಚಬಾರದು. ಸುತ್ತಲಿನ ಗಾಳಿಯಲ್ಲಿ ನೀರಿಲ್ಲದಾಗ ಅದು ಚರ್ಮದ ಒಳಪದರದಿಂದಲೇ ನೀರೆಳೆಯುತ್ತದೆ. ಒಂದು ಚಮಚ ಗ್ಲಿಸರಿನ್ನಿಗೆ ಎರಡು-ಮೂರು ಚಮಚ ಕುದಿಸಿ ಆರಿಸಿದ ನೀರು ಬೆರೆಸಿ. ಮೂರ್ನಾಲ್ಕು ದಿನಕ್ಕಾಗುವಷ್ಟೇ ಮಾಡಿ, ಇಟ್ಟರೆ ಕೆಡುತ್ತದೆ.

ಎಷ್ಟು ಹಚ್ಚಬೇಕೆಂಬುದೂ ಮುಖ್ಯ. ಟ್ಯೂಬಿನಿಂದ ತೋರುಬೆರಳಿನ ಮೇಲಿನ ಗೆಣ್ಣಿನಷ್ಟು ಉದ್ದ ಗೆರೆ ಎಳೆದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಬೇಕು. ಎರಡು ಕೈಗೆ ದಿನಕ್ಕೆ ನಾಲ್ಕು ಸಲವೆಂದರೆ 4 ಗ್ರಾಂ, 50 ಗ್ರಾಮಿನ ಟ್ಯೂಬು ಹನ್ನೆರಡು ದಿನ. ನಿಮ್ಮ 20 ಗ್ರಾಂ ಟ್ಯೂಬು ಎರಡು ತಿಂಗಳು ಬಂದಿದೆಯೆಂದರೆ ಅದು ಕೈಗಿಂತ ಚೀಲದಲ್ಲೇ ಹೆಚ್ಚು ಇತ್ತು.

ಪ್ರಶ್ನೆ: ಮನ್ಯಾಗ ನಾಲ್ಕು ಮಂದಿ ಹೆಣ್ಣಮಕ್ಕಳು ಕೂಡಿ ರೊಟ್ಟಿ ಬಡದು ಖಾನಾವಳಿಗೆ ಕೊಡ್ತೀವ್ರಿ. ಒಬ್ಬೊಬ್ಬರಿಗೆ ದಿನಾ 200ರ ಮ್ಯಾಲೆ. ಬೆರಳ ತುದಿ, ಸಂದಿ ಒಡದು ಉರೀತಾವ. ರೊಟ್ಟಿಗಿ ವಾಸನಿ ಬರತೈತಿ ಅಂತ ಕ್ರೀಮ್ ಹಚ್ಚಂಗಿಲ್ಲ. ನಮ್ಮ ಅತ್ತಿಯವರ ಮೊಣಕಾಲ ಕೆಳಗ ಬಲಿಯಂಗ ಕಂದು ಗೆರಿ ಮೂಡ್ಯಾವ, ಅದೇನು?
— ವಿಜಯಪುರ

ಉತ್ತರ: ಅಕ್ಕಾರೆ, ಮೊದಲು ಕೈಯ ವಿಚಾರ. ಒಲೆಯ ಬಿಸಿಗಿಂತ, ತೊಯ್ದು-ಒಣಗುವ ಸರದಿಯೇ ನಿಮ್ಮ ಕೈ ಕೆಡಿಸುತ್ತಿದೆ. ಒಂದು ರೊಟ್ಟಿಗೆ ಏನೇನಾಗುತ್ತದೆ ಎಣಿಸಿ: ಎಸರು ಹಾಕಿದ ಬಿಸಿ ಹಿಟ್ಟನ್ನು ನಾದುವಾಗ ಕೈ ತೊಯ್ಯಿತು, ಬಡಿಯುವಾಗ ಒಣ ಹಿಟ್ಟು ಆ ತೇವವನ್ನೂ ಎಣ್ಣೆಯಂಶವನ್ನೂ ಹೀರಿತು, ಹಂಚಿಗೆ ಹಾಕಿ ಮೇಲೆ ನೀರು ಸವರುವಾಗ ಮತ್ತೆ ತೊಯ್ಯಿತು, ಹಂಚಿನ ಝಳಕ್ಕೆ ಮತ್ತೆ ಒಣಗಿತು. ಇದು ದಿನಕ್ಕೆ ಇನ್ನೂರು ಸಲ. ಚರ್ಮದ ಮೇಲ್ಪದರ ಪ್ರತಿ ಸಲ ಉಬ್ಬಿ ಕುಗ್ಗುತ್ತ ಕೊನೆಗೆ ಬೆರಳ ಮಡಿಕೆಯಲ್ಲಿ ಸೀಳುತ್ತದೆ.

ಸರದಿಯ ಒಂದೆರಡು ಹೆಜ್ಜೆ ತಪ್ಪಿಸಿ. ಎಸರು ಹಾಕಿದ ಹಿಟ್ಟನ್ನು ಮೊದಲು ಕಟ್ಟಿಗೆಯ ಸೌಟಿನಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿ. ನೀರು ಸವರುವ ಅರಿವೆಯನ್ನು ಬೆರಳಲ್ಲಿ ಹಿಡಿಯದೆ ಗೇಣುದ್ದದ ಕಡ್ಡಿಗೆ ಕಟ್ಟಿ. ಇಷ್ಟರಿಂದಲೇ ಒಂದು ಕೈ ಹಂಚಿನ ಝಳದಿಂದ ಅರ್ಧ ಅಡಿ ದೂರವಾಯಿತು, ನೂರಾರು ಸಲ ತೊಯ್ಯುವುದೂ ತಪ್ಪಿತು. ಕಡ್ಡಿ ಮೊದಲೆರಡು ದಿನ ಕೈಗೆ ಒಗ್ಗದು, ಆಮೇಲೆ ಅದೇ ರೂಢಿಯಾಗುತ್ತದೆ.

ಕೆಲಸಕ್ಕೆ ಕೂಡುವ ಹತ್ತು ನಿಮಿಷ ಮೊದಲು ಒದ್ದೆ ಕೈಗೆ ನಾಲ್ಕೈದು ಹನಿ ಕುಸುಬಿ ಎಣ್ಣೆ ಸವರಿ, ಬೆರಳ ಸಂದಿಗೂ ತಿಕ್ಕಿ, ಹೆಚ್ಚಾದದ್ದನ್ನು ಅರಿವೆಯಿಂದ ಒತ್ತಿ ತೆಗೆಯಿರಿ. ತಿನ್ನುವ ಎಣ್ಣೆಯೇ ಆದ್ದರಿಂದ ರೊಟ್ಟಿಗೆ ದೋಷವಿಲ್ಲ. ಹನಿ ಹೆಚ್ಚಾದರೆ ಹಿಟ್ಟು ಅಂಗೈಯಲ್ಲಿ ಜಾರುತ್ತದೆ, ಅದೇ ಅಳತೆ. ನಡುನಡುವೆ ಎದ್ದಾಗ ಹಿಟ್ಟನ್ನು ಬರೀ ನೀರಿನಿಂದ ತೊಳೆಯಿರಿ. ಶೌಚಕ್ಕೆ ಹೋಗಿಬಂದಾಗ ಸಾಬೂನು ಬೇಕೇ ಬೇಕು, ಹಿಟ್ಟು ತೆಗೆಯಲು ಬೇಡ. ಪಾತ್ರೆ ತಿಕ್ಕುವ ಪುಡಿಯಿಂದ ಕೈ ತೊಳೆಯಲೇಬೇಡಿ. ರಾತ್ರಿ ಮಲಗುವಾಗ ಕೈ ತೊಳೆದು, ಹಸಿ ಇರುವಾಗಲೇ ಗ್ಲಿಸರಿನ್ ನೀರು, ಅದರ ಮೇಲೆ ಜೆಲ್ಲಿ, ಮೇಲೆ ಹತ್ತಿಯ ಕೈಗವಸು. ಎಂಟು-ಹತ್ತು ರಾತ್ರಿ ಬಿಡದೆ ಮಾಡಿ.

ಸೀಳಿನಿಂದ ರಕ್ತ ಅಥವಾ ಕೀವು ಬರುತ್ತಿದ್ದರೆ ಅವರು ಹಿಟ್ಟಿಗೆ ಕೈ ಹಾಕಬಾರದು. ಅಂಥ ಗಾಯದಲ್ಲಿ ಬೆಳೆಯುವ ಕ್ರಿಮಿ ಅನ್ನಕ್ಕೆ ಸೇರಿ ತಿಂದವರಿಗೆ ವಾಂತಿ ಬರಿಸುತ್ತದೆ. ಅವರಿಗೆ ರೊಟ್ಟಿ ಎಣಿಸುವ, ಕಟ್ಟುವ ಕೆಲಸವನ್ನೂ ಕೊಡದೆ ಕಟ್ಟಿಗೆ-ಗ್ಯಾಸಿನ ಉಸ್ತುವಾರಿ ಕೊಡಿ. ತೆಳು ಪ್ಲಾಸ್ಟಿಕ್ ಕೈಗವಸು ಹಾಕಿ ಹಂಚಿನ ಮುಂದೆ ಕೂಡುವುದು ಅಪಾಯ. ಝಳಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಅತ್ತೆಯವರ ಕಾಲಿನ ಬಲೆಯಂಥ ಗೆರೆಗಳು ಬಹುಶಃ ಒಲೆಯ ಕಾವಿನ ಗುರುತು. ಸುಡುವಷ್ಟಲ್ಲದ ಬಿಸಿ ವರ್ಷಗಟ್ಟಲೆ ಒಂದೇ ಜಾಗಕ್ಕೆ ತಾಗಿದರೆ ಹೀಗಾಗುತ್ತದೆ. ರೊಟ್ಟಿ ಮಾಡುವವರ ಮೊಣಕಾಲ ಕೆಳಗೆ, ಹೀಟರ್ ಮುಂದೆ ಕೂಡುವವರ ಪಾದದ ಮೇಲೆ ಇದೇ ಬಲೆ ಮೂಡುತ್ತದೆ. ಅಲರ್ಜಿಯಲ್ಲ, ಅಂಟುವುದೂ ಇಲ್ಲ. ಕಾವು ತಪ್ಪಿಸಿದರೆ ಹೊಸ ಗೆರೆಗಳು ತಿಂಗಳುಗಳಲ್ಲಿ ಮಾಸುತ್ತವೆ, ಹಳೆಯವು ಉಳಿಯಬಹುದು. ಆ ಜಾಗದಲ್ಲಿ ಗಂಟು, ಮಾಯದ ಹುಣ್ಣು ಕಂಡರೆ ತಡಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಅಪರೂಪವಾದರೂ ಅದು ಕ್ಯಾನ್ಸರಿಗೆ ತಿರುಗುವುದುಂಟು. ಒಲೆಯ ಬಾಯಿ ಮತ್ತು ಕಾಲಿನ ನಡುವೆ ಒಂದು ತಗಡು ನಿಲ್ಲಿಸಿ, ಕೂಡುವ ಮಣೆಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿ. ಒಲೆಯಂಥ ಸಣ್ಣ ಕಾವಿನಿಂದ ಎರಡರಷ್ಟು ದೂರ ಹೋದರೆ ತಾಗುವ ಕಾವು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಪ್ರಶ್ನೆ: ಉದ್ಯಮಬಾಗದಾಗ ಫೌಂಡ್ರಿ ಕೆಲಸ. ಮುಖ, ಮೊಣಕೈ ಕೆಳಗ ಸುಟ್ಟಂಗ ಒಣಗತೈತಿ, ಕೈ ಅಂತೂ ಮರಳ ಕಾಗದ. ಡ್ಯೂಟಿಗಿ ಹೋಗೂ ಮುಂದ ದಪ್ಪಗ ವ್ಯಾಸಲಿನ್ ಬಳಕೊಂಡ್ರ ನಡೀತೈತೇನ್ರಿ?
— ಬೆಳಗಾವಿ

ಉತ್ತರ: ಭಟ್ಟಿಯ ಮುಂದೆ ದಪ್ಪಗೆ ಬಳಿದುಕೊಳ್ಳಬೇಡಿ. ಜೆಲ್ಲಿ, ಎಣ್ಣೆ ಅಂಗಿಯ ಕಾಲರಿಗೆ, ತೋಳಿಗೆ ಇಳಿದು ದಿನದಿನಕ್ಕೆ ನಾರಿನಲ್ಲಿ ಸೇರಿಕೊಳ್ಳುತ್ತದೆ. ಸಾದಾ ತೊಳೆತಕ್ಕೆ ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆಗೆ ಕಿಡಿ ಬಿದ್ದರೆ ದೀಪದ ಬತ್ತಿಯಂತೆ ಹತ್ತುತ್ತದೆ. ಇನ್ನೊಂದನ್ನು ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡುವವರು ಕಡ್ಡಾಯವಾಗಿ ನೆನಪಿಡಬೇಕು: ಜಿಡ್ಡು ಕೈಯಿಂದ ಆಕ್ಸಿಜನ್ ಸಿಲಿಂಡರಿನ ವಾಲ್ವು, ರೆಗ್ಯುಲೇಟರ್ ಮುಟ್ಟಬಾರದು. ಒತ್ತಡದ ಆಕ್ಸಿಜನ್ ಜಿಡ್ಡಿಗೆ ತಾಗಿದರೆ ಕಿಡಿಯಿಲ್ಲದೆಯೂ ಬೆಂಕಿ ಏಳುತ್ತದೆ.

ಡ್ಯೂಟಿಗೆ ಅರ್ಧ ತಾಸು ಮುಂಚೆ ವಾಸನೆಯಿಲ್ಲದ ತೆಳು ಲೋಷನ್ ಹಚ್ಚಿ, ಅದು ಒಳಗೆ ಇಳಿದ ಮೇಲೆ ಉಳಿದದ್ದನ್ನು ಒರೆಸಿ ಕೆಲಸಕ್ಕೆ ನಿಲ್ಲಿ. ದಪ್ಪ ಜೆಲ್ಲಿಯ ಸರದಿ ಮನೆಗೆ ಬಂದು ಸ್ನಾನ ಮಾಡಿದ ಮೇಲೆ.

ಕೈ ಮರಳ ಕಾಗದ ಆಗಲು ಮಾತ್ರ ಬೇರೆ ಕಾರಣಗಳಿವೆ. ಅಚ್ಚಿನ ಮರಳಿನಲ್ಲಿ ಬೆಂಟೊನೈಟ್ ಮಣ್ಣು ಇರುತ್ತದೆ, ಅದು ನೀರು-ಎಣ್ಣೆ ಎರಡನ್ನೂ ಹೀರುತ್ತದೆ. ಸಿಓಟು ಮೋಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಅಚ್ಚು ಗಟ್ಟಿ ಮಾಡುವುದು) ಮಾಡುವಲ್ಲಿ ಮರಳಿಗೆ ಬೆರೆಸುವ ಸೋಡಿಯಂ ಸಿಲಿಕೇಟ್ ಗಟ್ಟಿ ಕ್ಷಾರ. ಚರ್ಮ ತುಸು ಆಮ್ಲದ್ದು, ಅದರ ಪಿಎಚ್ 5ರ ಆಸುಪಾಸು. ಕ್ಷಾರ ತಾಗಿದಲ್ಲಿ ಚರ್ಮದ ಕೊಬ್ಬು ಸಾಬೂನಾಗಿ ಕರಗಿ ಹೋಗುತ್ತದೆ. ಸಿಲಿಕೇಟ್ ಮರಳನ್ನು ಬರಿಗೈಯಲ್ಲಿ ಕಲಸುತ್ತಿದ್ದರೆ ಯಾವ ಕ್ರೀಮೂ ಕಾಯಲಾರದು, ರಬ್ಬರ್ ಗ್ಲೌಸ್ ಬೇಕು. ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿ, ಬೆವರಿಗೆ ತೊಯ್ದ ಕೂಡಲೇ ಬದಲಿಸಿ. ಇಲ್ಲದಿದ್ದರೆ ಒಳಗಿನ ಬೆವರೇ ಚರ್ಮವನ್ನು ಮೆತ್ತಗೆ ಮಾಡಿ ಸುಲಿಸುತ್ತದೆ. ಆದರೆ ಭಟ್ಟಿ, ಕರಗಿದ ಲೋಹದ ಹತ್ತಿರ ರಬ್ಬರ್ ಬೇಡ, ಅಲ್ಲಿ ತೊಗಲಿನದೇ ಆಗಬೇಕು. ತೊಗಲಿನ ಗ್ಲೌಸ್ ಹಾಕುವವರಿಗೆ ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ ನಿಲ್ಲುವ ತುರಿಕೆ-ಕಜ್ಜಿ ಬಂದರೆ ಅದು ಒಣಗಾಳಿಯದಲ್ಲ, ತೊಗಲು ಹದಮಾಡಲು ಬಳಸಿದ ಕ್ರೋಮಿಯಂ ಅಲರ್ಜಿ ಇದ್ದೀತು. ಸಿಮೆಂಟ್ ಕೆಲಸದವರಿಗೂ ಇದೇ ಕ್ರೋಮಿಯಂ ಕಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪರಾಧಿ ಪಾಳಿ ಮುಗಿದ ಮೇಲಿನ ಕೈ ತೊಳೆತ. ಸೀಮೆಎಣ್ಣೆ ಅಥವಾ ಥಿನ್ನರ್, ಆಮೇಲೆ ಬಟ್ಟೆ ಸೋಪಿನ ಪುಡಿ, ಅದರ ಮೇಲೆ ಹಿಡಿ ಮರಳು ಹಾಕಿ ತಿಕ್ಕುವುದು. ಒಂದೇ ತೊಳೆತಕ್ಕೆ ಇಡೀ ದಿನದ ಝಳ ಮಾಡದ ಕೆಡುಕು ಆಗುತ್ತದೆ. ಬದಲಿಗೆ ಹೀಗೆ ಮಾಡಿ: ನೀರು ಮುಟ್ಟಿಸುವ ಮೊದಲು, ಒಣ ಕೈಗೇ ಒಂದು ಚಮಚ ಅಗ್ಗದ ಅಡುಗೆ ಎಣ್ಣೆ ಹಾಕಿ ಒಂದು ನಿಮಿಷ ಉಜ್ಜಿ. ಗ್ರೀಸು, ಮಸಿ ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಅದನ್ನು ಹತ್ತಿ ವೇಸ್ಟಿನಿಂದ ಒರೆಸಿ, ಆಮೇಲೆ ಮೈಸಾಬೂನಿನಿಂದ ಒಂದೇ ಸಲ ತೊಳೆಯಿರಿ. ನೀರು ಉಗುರುಬೆಚ್ಚಗೆ ಇರಲಿ, ಬಿಸಿ ಬೇಡ. ಒತ್ತಿ ಒರೆಸಿ, ಹಸಿ ಇರುವಾಗಲೇ ಕ್ರೀಮ್ ಹಚ್ಚಿ. ಉಗುರ ಸಂದಿಯ ಕಪ್ಪು ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಅದನ್ನು ತೆಗೆಯುವ ಹಟದಲ್ಲೇ ಚರ್ಮ ಹೋಗುವುದು.

ಬೆವರು ಆರಿದ ಮೇಲೆ ಉಳಿಯುವ ಉಪ್ಪು ಮುಖವನ್ನು ಬಿಗಿದು ತುರಿಸುತ್ತದೆ. ತಾಸು-ಎರಡು ತಾಸಿಗೊಮ್ಮೆ ಬರೀ ನೀರಿನ ಒದ್ದೆ ಅರಿವೆಯಿಂದ ಒತ್ತಿ ಒರೆಸಿ. ರಜೆಯಲ್ಲಿ ನಾಲ್ಕು ದಿನ ಊರಿಗೆ ಹೋದಾಗ ಗುಣವಾಗಿ, ಬಂದು ಎರಡು ಪಾಳಿಗೆ ಮರಳಿದರೆ ಅದು ಕೆಲಸದಿಂದಲೇ ಬಂದದ್ದು. ಇಎಸ್‌ಐ ಕಾರ್ಡಿದ್ದರೆ ಇಎಸ್‌ಐ ದವಾಖಾನೆಯಲ್ಲಿ ತೋರಿಸಿ, ಯಾವ ಮರಳು, ಯಾವ ರಾಳ ಮುಟ್ಟುತ್ತೀರೆಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಪ್ರಶ್ನೆ: ಬೇಕರಿಯ ಭಟ್ಟಿ ಕೋಣೆಯಲ್ಲಿ ಹುಡುಗರ ಮೈ ಒಣಗುತ್ತದೆಂದು ಕೂಲರ್ ಇಡಬೇಕೆಂದಿದ್ದೇನೆ. ಗಾಳಿ ತೇವವಾದರೆ ಒಳ್ಳೆಯದಲ್ಲವೇ?
— ಬೇಕರಿ ಮಾಲೀಕ, ಗೋಕಾಕ

ಉತ್ತರ: ಹೀಟರಿನ ಕೋಣೆಗೆ ಹೇಳಿದ ಉಪಾಯ ಭಟ್ಟಿ ಕೋಣೆಗೆ ಸಲ್ಲದು. ಅಲ್ಲಿ ಗಾಳಿ ಬೆಚ್ಚಗಿರುತ್ತದೆ, ಇಲ್ಲಿ ಸುಡುತ್ತಿರುತ್ತದೆ. ಸುಡುವ ಗಾಳಿಯನ್ನು ತೇವ ಮಾಡಿದರೆ ಬೆವರು ಆರುವುದೇ ನಿಲ್ಲುತ್ತದೆ, ಮೈಯ ಬಿಸಿ ಹೊರಹೋಗದೆ ಹುಡುಗರು ತಲೆಸುತ್ತಿ ಬೀಳುತ್ತಾರೆ. ಕೂಲರ್ ಇಡುವುದಾದರೆ ಅದರ ಬೆನ್ನು ಕಿಟಕಿಯ ಹೊರಗಿರಬೇಕು, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಓಡುತ್ತಿರಬೇಕು. ಮುಚ್ಚಿದ ಕೋಣೆಯೊಳಗೆ ಕೂಲರ್ ತಿರುಗಿದರೆ ತನ್ನ ಆವಿಯನ್ನೇ ತಾನು ಸುತ್ತಿಸುತ್ತದೆ. ಏಪ್ರಿಲ್‌ನ ಒಣ ಬಿಸಿಲಿಗೆ ಅದು ಕೆಲಸ ಮಾಡುತ್ತದೆ, ಜುಲೈನಲ್ಲಿ ಮಾಡದು.

ಚರ್ಮ ಒಣಗುವುದಕ್ಕೆ ಭಟ್ಟಿಯ ಬಾಯಿಂದ ನೇರ ಬಡಿಯುವ ಝಳವೇ ದೊಡ್ಡ ಕಾರಣ. ಹಿಟ್ಟು ನಾದುವ ಮೇಜು ಮತ್ತು ಭಟ್ಟಿಯ ನಡುವೆ ಹೊಳಪಿನ ಅಲ್ಯುಮಿನಿಯಂ ಹಾಳೆಯ ಪರದೆ ನಿಲ್ಲಿಸಿ. ಭಟ್ಟಿಯ ಗೋಡೆಗೆ ಅಂಟಿಸಬೇಡಿ, ಎರಡು-ಮೂರು ಇಂಚು ಸಂದಿ ಬಿಡಿ, ಕೆಳಗೂ ಮೇಲೂ ಗಾಳಿ ಹೋಗಲಿ. ಹೊಳಪಿದ್ದಾಗ ಅದು ಬಂದ ಝಳದ ಬಹುಪಾಲನ್ನು ತಿರುಗಿಸಿ ಕಳಿಸುತ್ತದೆ. ಮಸಿ ಹಿಡಿದು ಕಪ್ಪಾದರೆ ಅದೇ ಕಾದು ಇನ್ನೊಂದು ಭಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಒರೆಸಲು ಒಬ್ಬರಿಗೆ ಹೇಳಿಡಿ. ಪೆಡೆಸ್ಟಲ್ ಫ್ಯಾನು ಭಟ್ಟಿಯ ಕಡೆಯಿಂದ ಹುಡುಗರ ಮುಖಕ್ಕೆ ಬೀಸದಂತೆ, ಬಾಗಿಲ ಕಡೆಯಿಂದ ಬೆನ್ನಿಗೆ ಬೀಸುವಂತೆ ತಿರುಗಿಸಿ.

ಪ್ರಶ್ನೆ: ಬನಹಟ್ಟಿಯಲ್ಲಿ ಮಗ್ಗದ ಶೆಡ್ಡಿನಲ್ಲಿ ದಿನವಿಡೀ ನಿಂತು ಕೆಲಸ. ತಗಡಿನ ಮಾಡು, ಸಿಮೆಂಟ್ ನೆಲ. ನನ್ನ ಹಿಮ್ಮಡಿ ಸೀಳಿ ನಡೆಯಲಾಗುತ್ತಿಲ್ಲ. ಅವ್ವನಿಗೂ ಹೀಗೇ ಇದೆ, ಆಕೆಗೆ ಸಕ್ಕರೆ ಕಾಯಿಲೆ. ಇಬ್ಬರಿಗೂ ಒಂದೇ ಔಷಧ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ, ತಂಗಿ. ಅವ್ವನದನ್ನು ಮೊದಲು ಹೇಳುತ್ತೇವೆ. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ನರ ಜೋಮು ಹಿಡಿದು ಪಾದ ಬೆವರುವುದೂ ಕಡಿಮೆ, ನೋವು ತಿಳಿಯುವುದೂ ಕಡಿಮೆ. ಆಕೆ ಬಿಸಿನೀರಿನಲ್ಲಿ ಕಾಲು ನೆನೆಸಬಾರದು, ಕಲ್ಲಿನಿಂದ ತಿಕ್ಕಬಾರದು, ಬ್ಲೇಡಂತೂ ಹತ್ತಿರ ಬರಬಾರದು. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ. ಕೆಂಪಗಿದ್ದರೆ, ರಸ ಬರುತ್ತಿದ್ದರೆ, ಸೀಳಿನ ಒಳಗೆ ಕಪ್ಪು ಕಂಡರೆ ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ.

ನಿಮ್ಮ ಹಿಮ್ಮಡಿಗೆ ಮೂರು ಕಾರಣ ಕೂಡಿವೆ. ಒಣ ಬಿಸಿ ಒಂದು. ದಿನವಿಡೀ ನಿಂತ ಭಾರ ಒಂದು. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಅಥವಾ ಬರಿಗಾಲು ಇನ್ನೊಂದು. ಭಾರ ಬಿದ್ದಾಗ ಹಿಮ್ಮಡಿಯ ಕೊಬ್ಬಿನ ದಿಂಬು ಪಕ್ಕಕ್ಕೆ ಹರಡುತ್ತದೆ. ಸುತ್ತಲಿನ ಚರ್ಮ ಮೃದುವಾಗಿದ್ದರೆ ಹಿಗ್ಗುತ್ತದೆ, ಒಣಗಿ ದಪ್ಪವಾಗಿದ್ದರೆ ಅಂಚಿನಲ್ಲಿ ಸೀಳುತ್ತದೆ. ಹಿಂಬದಿ ಮುಚ್ಚಿದ ಚಪ್ಪಲಿ ಹಿಮ್ಮಡಿಯನ್ನು ಅದುಮಿ ಹಿಡಿಯುತ್ತದೆ.

ಆಳವಾದ ಸೀಳಿದ್ದರೆ ಮೊದಲ ವಾರ ಬರೀ ಜೆಲ್ಲಿ ತುಂಬಿ, ಹಗಲಿಗೆ ಸೀಳಿನ ಎರಡು ಅಂಚು ಕೂಡುವಂತೆ ಪಟ್ಟಿ ಅಂಟಿಸಿ. ಸೀಳು ಮುಚ್ಚಿದ ಮೇಲೆ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಕಾಲು ತಿಕ್ಕುವ ಕಲ್ಲಿನಿಂದ ಒಂದೇ ದಿಕ್ಕಿಗೆ ಹಗುರ ಉಜ್ಜಿ. ಗುಲಾಬಿ ಬಣ್ಣ ಕಾಣುವ ಮೊದಲೇ ನಿಲ್ಲಿಸಿ. ಒತ್ತಿ ಒರೆಸಿ, ಶೇ 10ರ ಯೂರಿಯಾ ಕ್ರೀಮ್ ಹಚ್ಚಿ, ಮೇಲೆ ಜೆಲ್ಲಿ, ಹತ್ತಿಯ ಕಾಲುಚೀಲ. ಹಿಮ್ಮಡಿ ತೀರಾ ಗಡುಸಾಗಿದ್ದರೆ ಶೇ 20ರದು. ತೆರೆದ ಸೀಳಿಗೆ ಯೂರಿಯಾ ತಾಗಿದರೆ ಚುರುಗುಟ್ಟಿ ಉರಿಯುತ್ತದೆ, ಅದಕ್ಕೇ ಜೆಲ್ಲಿಯ ವಾರ ಮೊದಲು. ಒಂದೇ ಪಾದದಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ, ಬೆರಳ ಸಂದಿ ತುರಿಸುತ್ತಿದ್ದರೆ ಅದು ಒಣಗುವಿಕೆಯಲ್ಲ, ಶಿಲೀಂಧ್ರ ಇದ್ದೀತು. ಅದಕ್ಕೆ ಬೇರೆ ಔಷಧ.

ಒಂದು ಮಾತು ನಿಮ್ಮ ಮಾಲೀಕರಿಗೂ ಮುಟ್ಟಿಸಿ: ಗಾಳಿ ಒಣಗಿದರೆ ಹತ್ತಿ ನೂಲು ಹರಿಯುತ್ತದೆಂದು ನೆಲಕ್ಕೆ ನೀರು ಹೊಡೆಸುವ ಶೆಡ್ಡಿನಲ್ಲಿ, ನೇಯುವವರ ಕಾಲು ಹರಿಯುವುದೂ ಅದೇ ಕಾರಣಕ್ಕೆ. ತಗಡಿನ ಮಾಡಿಗೆ ಬಿಳಿ ಸುಣ್ಣ ಬಳಿಸಿದರೆ ನೂಲಿಗೂ ಕಾಲಿಗೂ ಒಟ್ಟಿಗೆ ಲಾಭ.

ಪ್ರಶ್ನೆ: ನೀರು ಜಾಸ್ತಿ ಕುಡಿದರೆ ಚರ್ಮ ಒಣಗುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಬಿಸಿಯಲ್ಲಿ ಕೆಲಸ ಮಾಡುವವರು ಕುಡಿಯಲೇಬೇಕು, ಅದು ಬೆವರಿಗಾಗಿ. ಚರ್ಮದ ಮೇಲ್ಪದರಕ್ಕೆ ರಕ್ತನಾಳವಿಲ್ಲ. ಹೊರಗಿನ ಮುಚ್ಚಳ ಸೋರುತ್ತಿರುವಾಗ ಒಳಗೆ ಎಷ್ಟು ಕೊಡ ತುಂಬಿಸಿದರೂ ಮೇಲಿನ ಬಿರುಕು ಉಳಿದೇ ಇರುತ್ತದೆ.

ಪ್ರಶ್ನೆ: ಮೆಡಿಕಲ್ಲಿನಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ಎರಡೇ ದಿನಕ್ಕೆ ಮುಖ ನುಣುಪಾಗುತ್ತದೆ, ಬಿಟ್ಟರೆ ಮತ್ತೆ ಕೆಂಪಾಗಿ ಉರಿಯುತ್ತದೆ.
— ಜಮಖಂಡಿ

ಉತ್ತರ: ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಎಂದಿದೆಯೇ ನೋಡಿ. ಇವು ಸ್ಟೀರಾಯ್ಡ್‌ಗಳು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣತೊಡಗುತ್ತವೆ. ಟ್ಯೂಬು ತೆಗೆದುಕೊಂಡೇ ಚರ್ಮದ ಡಾಕ್ಟರಲ್ಲಿಗೆ ಹೋಗಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ.

ಪ್ರಶ್ನೆ: ಹಿಮ್ಮಡಿಗೆ ಯೂರಿಯಾ ಒಳ್ಳೆಯದಂತೆ. ಹೊಲಕ್ಕೆ ತಂದ ಯೂರಿಯಾ ಚೀಲ ಮನೆಯಲ್ಲೇ ಇದೆ, ನೀರಲ್ಲಿ ಕರಗಿಸಿ ಹಚ್ಚಲೇ?
— ಮುಧೋಳ

ಉತ್ತರ: ಬೇಡ. ಮೂಲ ವಸ್ತು ಒಂದೇ ಆದರೂ ಚೀಲದ ಕಾಳಿಗೆ ಬೇವಿನೆಣ್ಣೆ ಬಳಿದಿರುತ್ತಾರೆ, ಬೆಳೆಗೆ ನಡೆಯುವ ಇತರ ಕಲಬೆರಕೆಯೂ ಇರುತ್ತದೆ, ಅಳತೆಯೂ ಕೈಗೆ ಸಿಗದು. ಚೀಲವನ್ನು ಕಬ್ಬಿಗೇ ಬಿಡಿ, ಹಿಮ್ಮಡಿಗೆ ಮೆಡಿಕಲ್ಲಿನ 30 ಗ್ರಾಂ ಟ್ಯೂಬು ತನ್ನಿ.